ಹಳೇ ಲ್ಯಾಪ್‌ಟಾಪಲ್ಲಿ ಭಾಗವತಿಕೆ ರೆಕಾರ್ಡಿಂಗ್: ಎಸ್‌ಎಸ್‌ಡಿ ಹಾಕಿಸ್ಲಾ ಬೇಡ್ವಾ?

ತೀರ್ಥಹಳ್ಳಿ ಶಿಷ್ಯ: ನಮ್ ಗುರುಗಳ ಯಕ್ಷಗಾನ ಪದಗಳನ್ನ ರೆಕಾರ್ಡ್ ಮಾಡಿಡ್ಬೇಕು ಅಂತ ಬಹಳ ಆಸೆ. ಇರೋದು ಮೂರನೇ ಜನರೇಷನ್ ಐ5 ಲ್ಯಾಪ್‌ಟಾಪು, 4 ಜಿಬಿ ರ‍್ಯಾಮು, ಹಳೇ ಹಾರ್ಡ್‌ಡಿಸ್ಕು, ವಿಂಡೋಸ್ 10. ರೀಪರ್ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರಲ್ಲಿ ಭಾಗವತರಿಗೊಂದು ಮದ್ದಳೆಗೊಂದು ಚಂಡೆಗೊಂದು ಮೈಕ್ ಇಟ್ಟು ಮಾಡ್ತಿದ್ರೆ ನಡುನಡುವೆ ಚಟಪಟ ಅನ್ನುತ್ತೆ, ಸ್ವರ ಕಟ್ ಆಗುತ್ತೆ. ದುರ್ಗಿಗುಡಿ ಕಡೆ ಒಂದ್ ಅಂಗಡೀಲಿ ಹಾರ್ಡ್‌ಡಿಸ್ಕ್ ಬದ್ಲು ಎಸ್‌ಎಸ್‌ಡಿ (ತಿರುಗೋ ಭಾಗ ಇಲ್ಲದ ವೇಗದ ಡಿಸ್ಕು) ಹಾಕ್ಸಿ ಎಲ್ಲ ಸರಿಹೋಗುತ್ತೆ ಅಂದ್ರು, ಹೌದಾ?

ಸಾಗರ ಸೌಂಡ್: ಕಣ್ಮುಚ್ಚಿ ಹಾಕ್ಸಿ ಮಾರಾಯ್ರೆ. ಹಳೇ ಲ್ಯಾಪ್‌ಟಾಪಿಗೆ ಅದಕ್ಕಿಂತ ದೊಡ್ಡ ಉಪಕಾರ ಇಲ್ಲ.

ಹೊಸನಗರ ಮಾವ: ಆನ್ ಆಗೋದು ಬೇಗ ಆಗುತ್ತೆ, ಚಟಪಟ ಹೋಗಲ್ಲ. ಲೆಕ್ಕ ಹಾಕಿ ನೋಡಿ, 24 ಬಿಟ್ 44.1 ಕಿಲೋಹರ್ಟ್ಸಲ್ಲಿ ಒಂದು ಮೋನೋ ಟ್ರ್ಯಾಕಿಗೆ ಸೆಕೆಂಡಿಗೆ ಸುಮಾರು 132 ಕೆಬಿ, ಮೂರು ಮೈಕಿಗೆ 400 ಕೆಬಿ ಆಗ್ಬಹುದು ಅಷ್ಟೆ. ಎಂಥಾ ಹಳೇ ಡಿಸ್ಕೂ ಅಷ್ಟು ಬರೀತದೆ. ತೊಂದ್ರೆ ಒಳಗಿನ ಭಾಗಗಳನ್ನ ನಡೆಸೋ ಡ್ರೈವರ್ ಸಾಫ್ಟ್‌ವೇರಲ್ಲೋ ಬಿಸೀಲೋ ಇರೋದು. ದುಡ್ಡು ಹಾಕೋ ಮುಂಚೆ ಲೇಟೆನ್ಸಿಮಾನ್ ಅಂತ ಸಾಫ್ಟ್‌ವೇರ್ ಹಾಕಿ ಸ್ವಲ್ಪ ಹೊತ್ತು ಓಡ್ಸಿ, ಯಾವ್ ಡ್ರೈವರ್ ಅಡ್ಡ ಬರ್ತಿದೆ ಅಂತ ಅದೇ ಹೆಸರು ತೋರಿಸ್ತದೆ.

ಸಾಗರ ಸೌಂಡ್: ಬರೀ ಟ್ರ್ಯಾಕ್ ಬರೆಯೋದನ್ನೇ ಯಾಕ್ ಲೆಕ್ಕ ಹಾಕ್ತೀರಿ? 4 ಜಿಬಿ ರ‍್ಯಾಮ್ ತುಂಬಿದ್ರೆ ವಿಂಡೋಸು ಉಳಿದಿದ್ದನ್ನ ಡಿಸ್ಕಿಗೇ ತಳ್ಳುತ್ತೆ, ಆಗ ಹಾರ್ಡ್‌ಡಿಸ್ಕ್ ಒದ್ದಾಡುತ್ತೆ.

ಹೊಸನಗರ ಮಾವ: ಅದು ಒಪ್ಪೋ ಮಾತೇ. ಹಾಗಾದ್ರೆ ಮೊದ್ಲು 8 ಜಿಬಿ ರ‍್ಯಾಮ್ ಮಾಡ್ಲಿ, ಡಿಸ್ಕ್ ಆಮೇಲೆ.

ತೀರ್ಥಹಳ್ಳಿ ಶಿಷ್ಯ: ಓಡ್ಸಿದೆ, ಕೆಂಪು ಬಂತು. ಮೇಲ್ಗಡೆ ಎನ್‌ಡಿಐಎಸ್ ಅಂತ ಒಂದು ಹೆಸರು.

ಹೊಸನಗರ ಮಾವ: ನೋಡಿ, ಅದು ನೆಟ್‌ವರ್ಕಿಂದು. ರೆಕಾರ್ಡಿಂಗ್ ಹೊತ್ತಲ್ಲಿ ಡಿವೈಸ್ ಮ್ಯಾನೇಜರಿಗೆ ಹೋಗಿ ವೈಫೈ ಡಿಸೇಬಲ್ ಮಾಡಿ. ಪವರ್ ಪ್ಲಾನ್ ಹೈ ಪರ್ಫಾರ್ಮೆನ್ಸಿಗೆ ಇಡಿ, ನಮ್ ಕಡೆ ಮಳೆಗಾಲ್ದಲ್ಲಿ ಕರೆಂಟ್ ಹೋಗಿ ಬ್ಯಾಟರಿಗೆ ಬಿದ್ದ ಕೂಡ್ಲೆ ಪ್ರೊಸೆಸರ್ ಸ್ಪೀಡ್ ಇಳಿಸಿಕೊಳ್ತದೆ, ಆ ಸೆಟ್ಟಿಂಗೂ ನೋಡ್ಕೊಳ್ಳಿ. ಇನ್ನೊಂದು, ಹಿಂದಿನ ಮುಚ್ಚಳ ತೆಗ್ಸಿ ಫ್ಯಾನ್ ನೋಡಿ. ಮಲೆನಾಡಿನ ತೇವಕ್ಕೆ ಧೂಳು ಫ್ಯಾನಿಗೂ ತಗಡಿನ ಎಸಳುಗಳಿಗೂ ನಡುವೆ ಕಂಬಳಿ ತುಂಡಿನ ಹಾಗೆ ಕೂತಿರ್ತದೆ, ಪೇಂಟ್ ಬ್ರಷ್ಷಲ್ಲಿ ಎಬ್ಬಿಸಿದ್ರೆ ಇಡೀ ಹಾಳೆಯಾಗೇ ಬರ್ತದೆ. ಅದು ಇರೋ ತನಕ ಬಿಸಿಗೆ ಪ್ರೊಸೆಸರ್ ತಾನೇ ನಿಧಾನ ಆಗ್ತದೆ, ಫ್ಯಾನಿನ ಸದ್ದು ಮೈಕಿಗೂ ಹೋಗ್ತದೆ.

ಶಿವಮೊಗ್ಗ ಪೆಂಗ್ವಿನ್: ಇಷ್ಟೆಲ್ಲ ಯಾಕೆ, ವಿಂಡೋಸ್ ಬದ್ಲು ಉಬುಂಟು ಸ್ಟುಡಿಯೋ ಅನ್ನೋ ಲಿನಕ್ಸ್ ಹಾಕ್ಲಿ. ವಿಂಡೋಸ್ 10ಕ್ಕೆ 2025 ಅಕ್ಟೋಬರ್ 14ಕ್ಕೆ ಸಪೋರ್ಟ್ ನಿಂತಿದೆ, ಆ ಪ್ರೊಸೆಸರಿಗೆ ವಿಂಡೋಸ್ 11 ಅಧಿಕೃತವಾಗಿ ಇಲ್ಲ, ರೀಪರ್ ಲಿನಕ್ಸಲ್ಲೂ ಓಡುತ್ತೆ.

ಸಾಗರ ಸೌಂಡ್: ಅವರ ಇಂಟರ್‌ಫೇಸು (ಮೈಕುಗಳನ್ನ ಲ್ಯಾಪ್‌ಟಾಪಿಗೆ ಜೋಡಿಸೋ ಪೆಟ್ಟಿಗೆ) ಲಿನಕ್ಸಲ್ಲಿ ಓಡ್ತದಾ ಅಂತ ಮೊದ್ಲು ಪೆನ್‌ಡ್ರೈವಿಂದ ಬೂಟ್ ಮಾಡಿ ನೋಡ್ಲಿ ಮಾರಾಯ, ಗುರುಗಳನ್ನ ಕೂರಿಸ್ಕೊಂಡು ಪ್ರಯೋಗ ಬೇಡ.

ತೀರ್ಥಹಳ್ಳಿ ಶಿಷ್ಯ: ವೈಫೈ ತೆಗೆದ್ ಮೇಲೆ ಬಹಳ ಕಡಿಮೆ ಆಯ್ತು. ಬಫರ್ (ಸದ್ದನ್ನ ಒಟ್ಟು ಸೇರಿಸಿ ಕಳ್ಸೋ ತುಂಡಿನ ಅಳತೆ) ಈಗ 128 ಸ್ಯಾಂಪಲ್ ಇದೆ. ಜಾಸ್ತಿ ಮಾಡಿದ್ರೆ ಚಟಪಟ ಇನ್ನೂ ಕಡಿಮೆಯಾಗ್ಬಹುದು, ಆದ್ರೆ ಹೆಡ್‌ಫೋನಲ್ಲಿ ತಡವಾಗಿ ಕೇಳ್ತದೆ, ಗುರುಗಳಿಗೆ ತಾಳ ತಪ್ಪುತ್ತೆ ಅಂತಾರೆ.

ಹೊಸನಗರ ಮಾವ: ತಪ್ಪದೇ ಇರ್ತದಾ, 1024ಕ್ಕೆ ಒಂದ್ ಕಡೆಗೇ 23 ಮಿಲಿಸೆಕೆಂಡು, ಹೋಗಿ ಬರೋಕೆ ಅದರ ದುಪ್ಪಟ್ಟಿಗೂ ಮೇಲೆ. ಇಂಟರ್‌ಫೇಸಲ್ಲಿ ಡೈರೆಕ್ಟ್ ಮಾನಿಟರ್ ಗುಂಡಿ ಸಾಮಾನ್ಯವಾಗಿ ಇರ್ತದೆ, ಇದ್ರೆ ಅದು ಒತ್ತಿ, ರೀಪರಲ್ಲಿ ಆ ಟ್ರ್ಯಾಕಿನ ಮಾನಿಟರ್ ಆಫ್ ಮಾಡಿ. ಮೈಕಿನ ಸದ್ದು ಕಂಪ್ಯೂಟರ್ ಸುತ್ತಿ ಬರದೆ ನೇರ ಕಿವಿಗೆ ಹೋಗ್ತದೆ. ಆಮೇಲೆ ಬಫರ್ 1024ಕ್ಕೇ ಇಡಿ, ರಿವರ್ಬ್ ಗಿವರ್ಬ್ ಎಲ್ಲ ರೆಕಾರ್ಡಿಂಗ್ ಮುಗಿದ್ಮೇಲೆ ಹಾಕ್ಕೊಳ್ಳಿ.

ಸಾಗರ ಸೌಂಡ್: ಇದು ಸರಿ. ಆದ್ರೂ ಎಸ್‌ಎಸ್‌ಡಿ ವಿಷ್ಯ ನಾನು ಬಿಡಲ್ಲ, ಹಳೇ ಡಿಸ್ಕ್ ಯಾವತ್ತು ಕೈ ಕೊಡ್ತದೋ ಹೇಳೋಕಾಗಲ್ಲ, ಗುರುಗಳ ಧ್ವನಿ ಅದೊಂದರಲ್ಲೇ ಇಡ್ಬೇಡಿ, ಅವತ್ತಿಂದು ಅವತ್ತೇ ಇನ್ನೊಂದ್ ಕಡೆ ಕಾಪಿ ಮಾಡಿ.