ಫ್ರೆಂಚ್‌ನ ಪ್ಲ್ಯೂಸ್-ಕ-ಪಾರ್ಫೆ ಸಬ್‌ಜಂಕ್ಟಿವ್: ನೀವೆಲ್ಲ ಹೇಗೆ ಕಲಿತಿರಿ?

ಪ್ರಶ್ನೆ

ಬೆಂಗಳೂರಿನಲ್ಲಿ ಫ್ರೆಂಚ್ ಎಂ.ಎ. ಓದುತ್ತಿದ್ದೇನೆ. ಈ ಸೆಮಿಸ್ಟರ್‌ಗೆ 19ನೇ ಶತಮಾನದ ಗದ್ಯ ಇದೆ. ಪುಟ ತಿರುಗಿಸಿದರೆ ಸಾಕು, ಪ್ಲ್ಯೂಸ್-ಕ-ಪಾರ್ಫೆ ಸಬ್‌ಜಂಕ್ಟಿವ್ ಎದುರಾಗುತ್ತದೆ, ಅಂದರೆ 'ಬಂದಿದ್ದರೂ', 'ಬಂದಿದ್ದರೆ' ಅನ್ನುವಂಥ ಕಡೆ ಬರುವ ಕ್ರಿಯಾಪದ ರೂಪ. ಪರೀಕ್ಷೆಯಲ್ಲಿ ಒಂದು ಕ್ರಿಯಾಪದ ಕೊಟ್ಟು ನಾನು, ನೀನು, ಅವನು, ನಾವು, ನೀವು, ಅವರು ಅಂತ ಆರೂ ರೂಪ ಬರೆಯಿರಿ ಅಂತಾರೆ. ಆಸೆ, ಅನುಮಾನ ಹೇಳುವಾಗ ಬರುವ ಮಾಮೂಲಿ ಸಬ್‌ಜಂಕ್ಟಿವ್ ನನಗೆ ಬರುತ್ತದೆ. ಇದು ಮಾತ್ರ ಪುಸ್ತಕ ಮುಚ್ಚಿದ ಕೂಡಲೇ ಹಾರಿಹೋಗುತ್ತದೆ. 'ಮುಗಿಸಿದ ಮೇಲೆ' ಅನ್ನುವ ಕಡೆ ಬರುವ ಪಸೆ ಆಂತೇರಿಯರ್ ಅನ್ನೋ ಇನ್ನೊಂದು ಭೂತಕಾಲದ ಜೊತೆ ಕಲಸಿಹೋಗುತ್ತದೆ ಬೇರೆ. ಉರು ಹೊಡೆಯುವುದೊಂದೇ ದಾರಿಯಾ?

ಮೈಸೂರಿನಲ್ಲಿ ಫ್ರೆಂಚ್ ಪಾಠ ಹೇಳುವವರು

ಉರು ಹೊಡೆಯಲೇಬೇಕು, ಆದರೆ 12 ರೂಪ ಮಾತ್ರ. ಸಹಾಯಕ ಕ್ರಿಯಾಪದಗಳಾದ ಅವ್ವಾರ್‌ನ (ಹೊಂದಿರುವುದು) ಆರು, ಎತ್ರ್‌ನ (ಇರುವುದು) ಆರು. ಅದಾದ ಮೇಲೆ ಬರುವುದು ಪಾರ್ತಿಸಿಪ್ ಪಸೆ, ಅಂದರೆ ಮುಖ್ಯ ಕ್ರಿಯಾಪದದ ಭೂತ ಕೃದಂತ. ಅದನ್ನು ನೀವು ಮಾಮೂಲಿ ಭೂತಕಾಲವಾದ ಪಸೆ ಕೊಂಪೊಜೆ ಕಲಿಯುವಾಗಲೇ ಕಲಿತಿದ್ದೀರಿ. ಯಾವುದಕ್ಕೆ ಅವ್ವಾರ್, ಯಾವುದಕ್ಕೆ ಎತ್ರ್ ಅನ್ನುವುದೂ ಅಲ್ಲಿಯ ಲೆಕ್ಕವೇ. ಹೊಸದೇನೂ ಇಲ್ಲ.

ಆ 12 ರೂಪಗಳಿಗೂ ಒಂದು ದಾರಿ ಇದೆ. ಬರಹದಲ್ಲಿ ಬರುವ ಭೂತಕಾಲವಾದ ಪಸೆ ಸ್ಯಾಂಪ್ಲ್‌ನ 'ತ್ಯೂ' (ನೀನು) ರೂಪ ತೆಗೆದುಕೊಳ್ಳಿ. ಅವ್ವಾರ್‌ಗೆ ಅದು ಇ-ಯು-ಎಸ್, ಎತ್ರ್‌ಗೆ ಎಫ್-ಯು-ಎಸ್. ಅದರ ಬಾಲಕ್ಕೆ ಎಸ್-ಇ ಸೇರಿಸಿದರೆ 'ಜ' (ನಾನು) ರೂಪ ಬಂತು. ಒಂದು 'ಜ್ಯೂಸ್', ಇನ್ನೊಂದು 'ಜ ಫ್ಯೂಸ್'. ಕ್ಲಾಸಿನಲ್ಲಿ ಪ್ರತಿ ವರ್ಷವೂ ಇಲ್ಲಿ ನಗು ಏಳುತ್ತದೆ. ನಗಲಿ ಬಿಡಿ, ನಕ್ಕವರಿಗೆ ಇದು ಮರೆಯುವುದಿಲ್ಲ. ಉಚ್ಚಾರಣೆ ಮಾತ್ರ ಪೂರ್ತಿ 'ಯೂ' ಅಲ್ಲ. ತುಟಿ 'ಊ' ಅನ್ನುವ ಹಾಗೆ ದುಂಡಗೆ, ನಾಲಿಗೆ 'ಈ' ಅನ್ನುವ ಹಾಗೆ ಮುಂದೆ.

ಪೂರ್ತಿ ಸಾಲು ಹೀಗೆ: ಜ್ಯೂಸ್, ತ್ಯೂ ಯೂಸ್, ಇಲ್ ಯೂ, ನೂಜ್ ಯೂಸಿಯೋಂ, ವೂಜ್ ಯೂಸಿಯೆ, ಇಲ್ಜ್ ಯೂಸ್. ಎತ್ರ್ ಕೂಡ ಇದೇ ಧಾಟಿ, ಮೊದಲಿಗೆ ಒಂದು ಎಫ್ ಅಷ್ಟೇ. ಅವ್ವಾರ್ ರೂಪ ಆದ ಮೇಲೆ 'ಪಾರ್ಲೆ' (ಮಾತಾಡಿದ), ಎತ್ರ್ ರೂಪ ಆದ ಮೇಲೆ 'ವನ್ಯೂ' (ಬಂದ) ಇಟ್ಟರೆ ಕೆಲಸ ಮುಗಿಯಿತು.

ಗಮನಿಸಿ, ಜ, ತ್ಯೂ, ಬಹುವಚನದ ಇಲ್, ಮೂರರಲ್ಲೂ ಕ್ರಿಯಾಪದದ ಸದ್ದು ಒಂದೇ. ಬರೆಯುವಾಗ ಮಾತ್ರ ಕೊನೆ ಬೇರೆ: ಇ, ಇ-ಎಸ್, ಇ-ಎನ್-ಟಿ. ಅದಕ್ಕೇ ಇದನ್ನು ಬಾಯಲ್ಲಿ ಹೇಳಿಕೊಂಡು ಕಲಿತರೆ ಪರೀಕ್ಷೆಯಲ್ಲಿ ಕೈಕೊಡುತ್ತದೆ. ಬರೆದೇ ಕಲಿಯಬೇಕು.

ಲಿಯೋನ್‌ನಲ್ಲಿ ಕೆಲಸದಲ್ಲಿರುವವರು

ಇಲ್ಲಿ ಯಾರೂ ಇದನ್ನು ಮಾತಿನಲ್ಲಿ ಬಳಸುವುದಿಲ್ಲ, ಧೈರ್ಯವಾಗಿರಿ. 'ಅವನು ಬಂದಿದ್ದರೂ' ಅನ್ನೋದಕ್ಕೆ ಎಲ್ಲರೂ 'ಬಿಯಾಂ ಕಿಲ್ ಸ್ವಾ ವನ್ಯೂ' ಅಂತ ಪಸೆ ಸಬ್‌ಜಂಕ್ಟಿವ್ ಹೇಳಿ ಮುಗಿಸುತ್ತಾರೆ. 'ಕಿಲ್ ಫ್ಯೂ ವನ್ಯೂ' ಅಂದರೆ ನಾಟಕದ ಡೈಲಾಗ್ ಹೊಡೆದ ಹಾಗೆ. ಸಬ್‌ಜಂಕ್ಟಿವ್‌ನ ಎಂಪಾರ್ಫೆಯದೂ (ಸಹಾಯಕ ಇಲ್ಲದ ಭೂತ ರೂಪ) ಇದೇ ಕಥೆ. ಮುಖ್ಯ ವಾಕ್ಯದಲ್ಲಿ ಕೊಂದಿಸಿಯೊನೆಲ್ ('ಹೀಗಾದರೆ ಹಾಗಾಗುತ್ತಿತ್ತು' ಅನ್ನುವ ರೂಪ) ಇದ್ದರೆ ಎಂಪಾರ್ಫೆ ಬದಲು ಪ್ರೆಜಾಂ (ವರ್ತಮಾನ) ಬರೆದರೂ ಪರೀಕ್ಷೆಯಲ್ಲಿ ತಪ್ಪು ಎಣಿಸಬಾರದು ಅಂತ 1901ರಲ್ಲೇ ಸರ್ಕಾರಿ ಆದೇಶ ಬಂದಿತ್ತು.

ಉಳಿದುಕೊಂಡಿರುವುದು ಕೆಲವು ಪಳೆಯುಳಿಕೆ ಮಾತುಗಳಲ್ಲಿ. 'ಕಿ ಲ್ಯೂ ಕ್ರ್ಯೂ?', ಅಂದರೆ ಯಾರು ನಂಬುತ್ತಿದ್ದರು ಇದನ್ನ? ಪತ್ರಿಕೆಯ ತಲೆಬರಹದಲ್ಲಿ ಆಗಾಗ ಕಾಣಿಸುತ್ತದೆ. ಮತ್ತೆ ಸೂಪರ್‌ಮಾರ್ಕೆಟ್‌ಗೆ ಬಂದರೆ ಲ್ಯೂಸ್ತ್ಯೂಕ್ರ್ಯೂ ಅಂತ ಒಂದು ಪಾಸ್ತಾ ಬ್ರಾಂಡ್ ಇದೆ. 'ಲ್ಯೂಸ್ ತ್ಯೂ ಕ್ರ್ಯೂ', ನೀನು ಅದನ್ನು ನಂಬುತ್ತಿದ್ದೆಯಾ, ಅನ್ನುವುದನ್ನು ಅಂಟಿಸಿ ಮಾಡಿದ ಹೆಸರು. 'ತ್ಯೂ' ರೂಪ ಮರೆತರೆ ಪಾಸ್ತಾ ನೆನೆಸಿಕೊಳ್ಳಿ.

ಅನುವಾದ ಮಾಡುವವರು

ನಿಮ್ಮ ಪಸೆ ಆಂತೇರಿಯರ್ ಗೊಂದಲಕ್ಕೆ ನನ್ನ ಉತ್ತರ: ಟೋಪಿ ನೋಡಿ. ಅಕ್ಷರದ ಮೇಲೆ ಕೂರುವ ಸರ್ಕಂಫ್ಲೆಕ್ಸ್ ಅನ್ನೋ ಆ ಗುರುತು ಸಬ್‌ಜಂಕ್ಟಿವ್‌ನಲ್ಲಿ ಏಕವಚನದ 'ಇಲ್' (ಅವನು), 'ಎಲ್' (ಅವಳು) ರೂಪದ ಮೇಲೆ ಮಾತ್ರ. ಪಸೆ ಆಂತೇರಿಯರ್‌ನಲ್ಲಿ ತದ್ವಿರುದ್ಧ. ಅಲ್ಲಿ 'ನೂ' (ನಾವು), 'ವೂ' (ನೀವು) ರೂಪಗಳಿಗೆ ಟೋಪಿ, 'ಇಲ್' ಬರಿತಲೆ. 1990ರ ಕಾಗುಣಿತ ಸುಧಾರಣೆಯಲ್ಲಿ ಐ ಮತ್ತು ಯು ಮೇಲಿನ ಟೋಪಿಯನ್ನು ಎಷ್ಟೋ ಕಡೆ ಬಿಡಬಹುದು ಅಂದರು, ಆದರೆ ಈ ಕ್ರಿಯಾಪದ ರೂಪಗಳಲ್ಲಿ ಬಿಡುವ ಹಾಗಿಲ್ಲ.

ಮುಖ್ಯವಾದ ಜೋಡಿ 'ಅವಾಂ ಕ' ಮತ್ತು 'ಆಪ್ರೆ ಕ'. 'ಅವಾಂ ಕಿಲ್ ಯೂ ಫಿನಿ', ಅವನು ಮುಗಿಸುವ ಮುಂಚೆ. ಇಲ್ಲಿ ಸಬ್‌ಜಂಕ್ಟಿವ್, ಟೋಪಿ ಬೇಕು. 'ಆಪ್ರೆ ಕಿಲ್ ಯೂ ಫಿನಿ', ಅವನು ಮುಗಿಸಿದ ಮೇಲೆ. ಆಗಿಹೋದ ಸಂಗತಿ, ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಹೇಳುವ ಇಂಡಿಕೇಟಿವ್, ಟೋಪಿ ಬೇಡ. ಕಿವಿಗೆ ಎರಡೂ ಒಂದೇ. ಫ್ರೆಂಚರೇ 'ಆಪ್ರೆ ಕ' ಜೊತೆ ಸಬ್‌ಜಂಕ್ಟಿವ್ ಹಾಕಿಬಿಡುತ್ತಾರೆ, ನಾವು ಯಾವ ಲೆಕ್ಕ!

ಇನ್ನೊಂದು ಮಾತು. ಹಳೆಯ ಗದ್ಯದಲ್ಲಿ ವಾಕ್ಯ ಜೋಡಿಸುವ 'ಕ' ಅನ್ನೋ ಪದ ಇಲ್ಲದೆಯೂ ಈ ಸಬ್‌ಜಂಕ್ಟಿವ್ ಬರುತ್ತದೆ. 'ಸಿಲ್ ಫ್ಯೂ ವನ್ಯೂ, ಜ್ಯೂಸ್ ಎತೆ ಕೊಂತಾಂ', ಅವನು ಬಂದಿದ್ದರೆ ನನಗೆ ಖುಷಿಯಾಗಿರುತ್ತಿತ್ತು. ಎರಡೂ ಭಾಗದಲ್ಲಿ ಅದೇ ರೂಪ. ವ್ಯಾಕರಣದ ಪುಸ್ತಕಗಳಲ್ಲಿ ಇದಕ್ಕೆ ಕೊಂದಿಸಿಯೊನೆಲ್ ಪಸೆಯ ಎರಡನೇ ರೂಪ ಅಂತ ಬೇರೆ ಹೆಸರು, ಆದರೆ ಹೊಸದಾಗಿ ಕಲಿಯೋದು ಏನೂ ಇಲ್ಲ. ನಾನಂತೂ ಕೋಷ್ಟಕಕ್ಕಿಂತ ಇಂಥ ವಾಕ್ಯಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡೇ ಜಾಸ್ತಿ ಕಲಿತೆ. ನಿಮ್ಮ ಪಠ್ಯದಲ್ಲೇ ಬೇಕಾದಷ್ಟು ಸಿಗುತ್ತವೆ.

ಹುಬ್ಬಳ್ಳಿಯ ವಿದ್ಯಾರ್ಥಿನಿ

ನನಗೆ ಕಷ್ಟ ಕೊಟ್ಟಿದ್ದು ಅವ್ವಾರ್‌ನ ಸ್ವಂತ ರೂಪ ರೀ. 'ಕಿಲ್ ಯೂ ಯೂ'! ಮೊದಲನೆಯದು ಇ-ಯು-ಟಿ, ಟೋಪಿ ಸಮೇತ. ಎರಡನೆಯದು ಬರೀ ಇ-ಯು. ಎತ್ರ್ ಕೂಡ ಅವ್ವಾರ್ ಜೊತೆಗೇ ಹೋಗುತ್ತದೆ, 'ಕಿಲ್ ಯೂ ಎತೆ'. ಇವೆರಡನ್ನು ಗೋಡೆಗೆ ಅಂಟಿಸಿಕೊಳ್ಳಿ.

ಕೇಳಿದವರು

ಎಲ್ಲರಿಗೂ ಥ್ಯಾಂಕ್ಸ್. 12 ರೂಪ ಅಂದ ಮೇಲೆ ಭಯ ಅರ್ಧ ಇಳಿಯಿತು. ಒಂದು ಅನುಮಾನ ಮೇಡಂ. ಎತ್ರ್ ಬಂದರೆ ಹೆಣ್ಣಿಗೆ ಕೊನೆಯಲ್ಲಿ ಇ ಸೇರಿಸಬೇಕು ಅಲ್ವಾ? ಹಾಗಾದರೆ 'ಅವಳು ಕೈ ತೊಳೆದುಕೊಂಡಿದ್ದರೂ' ಅನ್ನುವಾಗ 'ಲವೆ'ಗೂ (ತೊಳೆದ) ಇ ಬರುತ್ತದಾ?

ಮೈಸೂರಿನವರು

'ಕೆಲ್ ಫ್ಯೂ ವನ್ಯೂ' ಅಂದಾಗ ಇ ಬೇಕು. 'ಕೆಲ್ ಸ ಫ್ಯೂ ಲವೆ' ಅಂತ ಸುಮ್ನೆ ನಿಲ್ಲಿಸಿದರೂ ಬೇಕು. ಆದರೆ 'ಲೆ ಮ್ಯಾಂ', ಕೈಗಳನ್ನು, ಅಂತ ಕರ್ಮ 'ಲವೆ' ಆದ ಮೇಲೆ ಬಂದರೆ ಇ ಸೇರಿಸಬೇಡಿ. ಪಸೆ ಕೊಂಪೊಜೆಯಲ್ಲಿ ಏನು ಮಾಡುತ್ತೀರೋ ಇಲ್ಲಿಯೂ ಅದೇ. ಅನುಮಾನ ಬಂದಾಗೆಲ್ಲ ವಾಕ್ಯವನ್ನು ಮೊದಲು ಪಸೆ ಕೊಂಪೊಜೆಯಲ್ಲಿ ಬರೆದು ನೋಡಿ, ಆಮೇಲೆ ಸಹಾಯಕ ಕ್ರಿಯಾಪದ ಮಾತ್ರ ಬದಲಿಸಿ.