ಅಷ್ಟು ಬಿಸಿನೀರಿನ ಪಕ್ಕ ಇರೋ ಸೀಗಡಿ ಬೇಯಲ್ವಾ?

ಅರ್ಧರಾತ್ರಿ_ಓದುಗ: ನಿನ್ನೆ ಊಟ ಮಾಡ್ತಾ ಒಂದು ವಿಡಿಯೋ ನೋಡ್ದೆ, ಸಮುದ್ರದ ತಳದಲ್ಲಿ ಚಿಮಣಿ ಥರ ಕಲ್ಲು, ಅದ್ರಿಂದ ಕರೀ ಹೊಗೆ ಹಂಗೆ ನೀರು ಬುಸುಬುಸು ಅಂತ ಬರ್ತಿದೆ, 350 ಡಿಗ್ರಿ ಅಂತೆ, ಪಕ್ಕದಲ್ಲೇ ಸೀಗಡಿ ರಾಶಿ ರಾಶಿ ಮುತ್ಕೊಂಡಿದೆ. ನಮ್ಮನೆ ಬಾಣಲೇಲಿ ಎರಡು ನಿಮಿಷಕ್ಕೆ ಬೆಂದೋಗುತ್ತಲ್ಲ, ಇವು ಹೆಂಗೆ ಬದುಕಿವೆ ಗುರೂ? ಬಿಸಿಲೂ ಬೀಳಲ್ಲ, ತಿನ್ನೋದೇನು?

ಉಪ್ಪುನೀರು: ಆ ನೀರೊಳಗೇ ಇರಲ್ಲ, ಅಂಚಲ್ಲಿರ್ತವೆ. ಸುತ್ತಲಿನ ನೀರು ಬರೀ 2 ಡಿಗ್ರಿ ಆಸುಪಾಸು, ಬಿಸಿನೀರು ಹೊರಗೆ ಬಂದು ಬೆರೆತ ಕೂಡ್ಲೇ ತಣ್ಣಗಾಗುತ್ತೆ. ತೀರಾ ಹತ್ರ ಹೋದ್ರೆ ಬೇಯ್ತವೆ, ದೂರ ಹೋದ್ರೆ ಊಟ ಇಲ್ಲ. ಊಟ ಅಂದ್ರೆ ಕೊಳೆತ ಮೊಟ್ಟೆ ವಾಸನೆ ಬರುತ್ತಲ್ಲ ಹೈಡ್ರೋಜನ್ ಸಲ್ಫೈಡ್, ಅದನ್ನ ಉರಿಸ್ಕೊಂಡು ಬದುಕೋ ಬ್ಯಾಕ್ಟೀರಿಯಾ. 1977ರಲ್ಲಿ ಪೆಸಿಫಿಕ್ ಸಾಗರದ ಗ್ಯಾಲಪಗಾಸ್ ದ್ವೀಪಗಳ ಹತ್ರ ಆಲ್ವಿನ್ ಅನ್ನೋ ಸಬ್‌ಮರೀನ್ 2,500 ಮೀಟರ್ ಇಳಿದಾಗ ಇಂಥ ಬಿಸಿಬುಗ್ಗೆ ಪಕ್ಕದ ಜೀವಿಗಳು ಮೊದಲು ಕಂಡಿದ್ದು, ಹೋಗಿದ್ದೋರೆಲ್ಲ ಭೂವಿಜ್ಞಾನಿಗಳು, ಜೀವಿ ಸಿಗುತ್ತೆ ಅಂತ ಯಾರೂ ಅಂದ್ಕೊಂಡಿರ್ಲಿಲ್ಲ, ಕೆಲವು ಸ್ಯಾಂಪಲ್‌ನ ವೋಡ್ಕಾದಲ್ಲಿ ಅದ್ದಿಟ್ಟು ತಂದ್ರು! ಅಲ್ಲಿನ ಕೊಳವೆ ಹುಳ ಎರಡು ಮೀಟರ್ ಉದ್ದ ಬೆಳೆಯುತ್ತೆ, ಆದ್ರೆ ಬಾಯಿಲ್ಲ, ಹೊಟ್ಟೆ ಇಲ್ಲ. ಕೆಂಪು ಗರಿಯಿಂದ ಆಕ್ಸಿಜನ್ನೂ ಸಲ್ಫೈಡೂ ಎರಡನ್ನೂ ರಕ್ತಕ್ಕೆ ಎಳ್ಕೊಂಡು ಒಳಗಿರೋ ಬ್ಯಾಕ್ಟೀರಿಯಾಗೆ ಸಪ್ಲೈ ಮಾಡುತ್ತೆ, ಅವು ಇದಕ್ಕೆ ಊಟ ಕೊಡ್ತವೆ.

ಹೆಂಚಿನಮನೆ: ನಮ್ಮ ಹಿಂದೂ ಮಹಾಸಾಗರದ ಬಸವನಹುಳು ಬಿಟ್ಬಿಟ್ರಲ್ಲ ಸಾರ್. 2001ರಲ್ಲಿ ಕೈರೇ ಅನ್ನೋ ಬಿಸಿಬುಗ್ಗೆ ಹತ್ರ ಸಿಕ್ಕಿದ್ದು, ಪಾದದ ತುಂಬಾ ಮಂಗಳೂರು ಹೆಂಚು ಹೊದಿಸಿದಂಗೆ ಹುರುಪೆ, ಅದ್ರ ಮೇಲೆ ಕಬ್ಬಿಣದ ಸಲ್ಫೈಡ್, ಕಪ್ಪಗೆ ಮಿರಮಿರ. ಏಡಿ ಕಚ್ಚಬಾರದು ಅಂತ ಯುದ್ಧಕ್ಕೆ ಹೊರಟಂಗೆ ಕವಚ ಹಾಕ್ಕೊಂಡಿದೆ.

ಉಪ್ಪುನೀರು: ಕವಚದ ಕಥೆ ಎಲ್ಲರಿಗೂ ಇಷ್ಟ, ಆದ್ರೆ ಅದು ಪೂರ್ತಿ ಸರಿಯಲ್ಲ ಕಣ್ರೀ. ಅದೇ ಸಾಗರದಲ್ಲಿ ಸೋಲಿಟೇರ್ ಅಂತ ಇನ್ನೊಂದು ಬುಗ್ಗೆ ಇದೆ, ಅಲ್ಲಿ ಇದೇ ಜಾತಿ ಹುಳು ಬೆಳ್ಳಗಿದೆ, ಕಬ್ಬಿಣ ಇಲ್ಲ, ಆದ್ರೂ ಆರಾಮಾಗಿದೆ. ಯಾಕಂದ್ರೆ ಆ ನೀರಲ್ಲೇ ಕಬ್ಬಿಣ ಕಮ್ಮಿ. ಹುಳದ ಮೈಯಿಂದ ಹುರುಪೆಗೆ ಗಂಧಕ ಬರುತ್ತೆ, ನೀರಲ್ಲಿ ಕಬ್ಬಿಣ ಇದ್ರೆ ಅದ್ರ ಜೊತೆ ಸೇರಿ ಕಪ್ಪಾಗುತ್ತೆ, ಇಲ್ದಿದ್ರೆ ಇಲ್ಲ ಅಷ್ಟೇ.

ಅರ್ಧರಾತ್ರಿ_ಓದುಗ: ಅಂದ್ರೆ ಬೋರ್‌ವೆಲ್ ನೀರಿಗೆ ನಮ್ಮ ಬಕೆಟ್ ಕಲೆ ಕಟ್ಟಿದಂಗೆ 😄

ಉಪ್ಪುನೀರು: ಹೂಂ, ಹೆಚ್ಚುಕಮ್ಮಿ ಹಂಗೇ. ಆ ಚಿಮಣಿಗಳಲ್ಲಿ ತಾಮ್ರ, ಸತು ಎಲ್ಲಾ ಇದೆ, 2016ರಲ್ಲಿ ನಮ್ಮ ದೇಶನೂ ಆ ಸಾಗರದಲ್ಲಿ 10,000 ಚದರ ಕಿಲೋಮೀಟರ್ ಹುಡುಕೋಕೆ ಒಪ್ಪಂದ ಮಾಡ್ಕೊಂಡಿದೆ. ಗಣಿಗಾರಿಕೆ ಭಯಕ್ಕೇ 2019ರಲ್ಲಿ ಈ ಬಸವನಹುಳುನ ಅಳಿವಿನಂಚಿನ ಪಟ್ಟಿಗೆ ಸೇರಿಸಿದ್ದು.