ಧ್ರುವಪ್ರಭೆ ನಡುರಾತ್ರಿಯ ಹೊತ್ತಿಗೇ ಏಕೆ ಭುಗಿಲೇಳುತ್ತದೆ?

ಪ್ರಶ್ನೆ:
ಸೂರ್ಯನಿಂದ ಹೊರಟ ಕಣಗಳು ಭೂಮಿಯ ಕಾಂತಕ್ಷೇತ್ರದ ಜಾಡು ಹಿಡಿದು ಧ್ರುವಗಳ ಬಳಿ ಇಳಿಯುವುದರಿಂದ ಧ್ರುವಪ್ರಭೆ (ಅರೋರಾ, ರಾತ್ರಿಯಾಕಾಶದಲ್ಲಿ ಕಾಣುವ ಬಣ್ಣದ ಬೆಳಕು) ಮೂಡುತ್ತದೆ ಎಂದು ಓದಿದ್ದೇನೆ. ಹಾಗಿದ್ದರೆ ಸೂರ್ಯನಿಗೆ ಎದುರಾಗಿರುವ ಹಗಲಿನ ಬದಿಯಲ್ಲೇ ಅದು ಜೋರಾಗಿರಬೇಕಿತ್ತು. ನಾರ್ವೆಯ ಟ್ರೋಮ್ಸೊದಂಥ ಊರುಗಳಲ್ಲಿ ಅದು ನಡುರಾತ್ರಿಯ ಆಸುಪಾಸಿನಲ್ಲಿ ಇದ್ದಕ್ಕಿದ್ದಂತೆ ಪ್ರಖರವಾಗುವುದೇಕೆ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1:
ಕಣಗಳು ನೇರವಾಗಿ ಇಳಿಯುತ್ತವೆ ಎಂಬ ವಿವರಣೆಯೇ ಅಪೂರ್ಣ. ಭೂಮಿಯ ಕಾಂತಕ್ಷೇತ್ರವು ಸೌರಮಾರುತದ, ಅಂದರೆ ಸೂರ್ಯನಿಂದ ಹರಿದುಬರುವ ಕಣಗಳ ಪ್ರವಾಹದ, ಬಹುಪಾಲನ್ನು ಹಗಲಿನ ಬದಿಯಲ್ಲಿ ಸುಮಾರು 60,000 ಕಿ.ಮೀ. ದೂರದಲ್ಲೇ ತಡೆದು ಪಕ್ಕಕ್ಕೆ ಹರಿಸುತ್ತದೆ. ಆ ಹರಿವಿನ ಸೆಳೆತಕ್ಕೆ ರಾತ್ರಿಯ ಬದಿಯ ಬಲರೇಖೆಗಳು (ಕಾಂತಕ್ಷೇತ್ರದ ದಿಕ್ಕು ತೋರುವ ಕಾಲ್ಪನಿಕ ಗೆರೆಗಳು) ಚಂದ್ರನ ಕಕ್ಷೆಯನ್ನೂ ದಾಟಿ ಉದ್ದನೆಯ ಬಾಲವಾಗಿ ಚಾಚಿಕೊಳ್ಳುತ್ತವೆ. ಸೌರಮಾರುತದೊಂದಿಗೆ ಬರುವ ಕಾಂತಕ್ಷೇತ್ರ ದಕ್ಷಿಣಕ್ಕೆ ಮುಖ ಮಾಡಿದಾಗ, ಹಗಲಿನ ಬದಿಯಲ್ಲಿ ಉತ್ತರಾಭಿಮುಖವಾಗಿರುವ ಭೂಮಿಯ ಬಲರೇಖೆಗಳು ಅದರೊಂದಿಗೆ ಬೆಸೆದುಕೊಂಡು ಹಿಂದಕ್ಕೆ ಸರಿಯುತ್ತವೆ, ಬಾಲದಲ್ಲಿ ಶಕ್ತಿ ಶೇಖರವಾಗುತ್ತ ಹೋಗುತ್ತದೆ. ಬಿಗಿತ ಮಿತಿಮೀರಿದಾಗ ಬಾಲದ ನಡುವೆ ರೇಖೆಗಳು ತುಂಡಾಗಿ ಮತ್ತೆ ಕೂಡಿಕೊಳ್ಳುತ್ತವೆ. ಆಗ ಬಿಡುಗಡೆಯಾದ ಶಕ್ತಿಯಿಂದ ವೇಗ ಪಡೆದ ಎಲೆಕ್ಟ್ರಾನುಗಳು ರಾತ್ರಿಯ ಬದಿಯ ವಾತಾವರಣಕ್ಕೆ ನುಗ್ಗುತ್ತವೆ.

ಇದು ಬರೀ ಊಹೆಯಲ್ಲ. ನಾಸಾ 2007ರಲ್ಲಿ ಹಾರಿಸಿದ ಥೆಮಿಸ್ ಯೋಜನೆಯ ಐದು ಉಪಗ್ರಹಗಳು ಬಾಲದ ಉದ್ದಕ್ಕೂ ಸಾಲಾಗಿದ್ದಾಗ, 2008ರ ಫೆಬ್ರುವರಿ 26ರಂದು ಚಂದ್ರನ ದೂರದ ಸುಮಾರು ಮೂರನೇ ಒಂದು ಭಾಗದಷ್ಟು ಆಚೆ ಈ ಮರುಸಂಪರ್ಕ ಮೊದಲು ನಡೆದದ್ದನ್ನು ದಾಖಲಿಸಿದವು; ಅದಾದ ಮೇಲೆ ಉತ್ತರ ಅಮೆರಿಕದ ಆಕಾಶ ಬೆಳಗಿದ್ದನ್ನು ನೆಲದ ಮೇಲಿನ ಕ್ಯಾಮೆರಾಗಳು ಸೆರೆಹಿಡಿದವು.

ಉತ್ತರ 2:
ಒಂದು ಮಾತು ಸೇರಿಸುತ್ತೇನೆ. ನೀವು ಓದಿದ್ದು ಪೂರ್ತಿ ತಪ್ಪೇನಲ್ಲ. ಧ್ರುವಗಳ ಸಮೀಪ, ಹಗಲಿನ ಬದಿಯಲ್ಲಿ, ಬಲರೇಖೆಗಳು ಆಲಿಕೆಯಾಕಾರದಲ್ಲಿ ತೆರೆದುಕೊಳ್ಳುವ ಕಡೆ ಸೌರಮಾರುತದ ಕಣಗಳು ನೇರವಾಗಿಯೇ ಇಳಿಯುತ್ತವೆ. ಅವುಗಳ ಶಕ್ತಿ ಕಡಿಮೆಯಾದ್ದರಿಂದ ಬೆಳಕು ಮಂದ, ಹೆಚ್ಚಾಗಿ ಕೆಂಪು. ಚಳಿಗಾಲದಲ್ಲಿ ಮಧ್ಯಾಹ್ನವೂ ಕತ್ತಲೆಯಿರುವ ಸ್ವಾಲ್ಬಾರ್ಡ್ ದ್ವೀಪಗಳಲ್ಲಿ ಇದನ್ನು ನೋಡಬಹುದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. 2024ರ ಮೇ ತಿಂಗಳಲ್ಲಿ ಲಡಾಖಿನ ಹಾನ್ಲೆಯಲ್ಲಿ ಕಂಡದ್ದೂ ಕೆಂಪೇ ಅಲ್ಲವೇ? ಅದಕ್ಕೂ ಇದೇ ಕಾರಣವೇ?

ಉತ್ತರ 3:
ಅಲ್ಲ, ಅಲ್ಲಿ ಎತ್ತರದ ಲೆಕ್ಕ ಮುಖ್ಯ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ನಡೆಸುವ ಹಾನ್ಲೆ ವೀಕ್ಷಣಾಲಯದ ಕ್ಯಾಮೆರಾಗಳು ಅದನ್ನು ಸೆರೆಹಿಡಿದದ್ದು ತೀವ್ರ ಕಾಂತ ಬಿರುಗಾಳಿಯ, ಅಂದರೆ ಭೂಮಿಯ ಕಾಂತಕ್ಷೇತ್ರ ಜೋರಾಗಿ ಕಲಕಿದ, ರಾತ್ರಿ. ಆಮ್ಲಜನಕದ ಹಸಿರು ಬೆಳಕು ಹೆಚ್ಚಾಗಿ 100ರಿಂದ 150 ಕಿ.ಮೀ. ಎತ್ತರದಲ್ಲಿ ಹೊಮ್ಮುತ್ತದೆ, ಕೆಂಪು 200 ಕಿ.ಮೀ.ಗೂ ಮೇಲೆ. ಕೆಂಪು ಬೆಳಕು ಸೂಸಲು ಪ್ರಚೋದಿತ ಪರಮಾಣುವಿಗೆ ಸುಮಾರು ಎರಡು ನಿಮಿಷ ಬೇಕು. ಕೆಳಗಿನ ದಟ್ಟ ಗಾಳಿಯಲ್ಲಿ ಅಷ್ಟರೊಳಗೆ ಬೇರೆ ಕಣಗಳು ಡಿಕ್ಕಿ ಹೊಡೆದು ಆ ಶಕ್ತಿಯನ್ನು ಕಸಿದುಕೊಂಡುಬಿಡುತ್ತವೆ. ಹಾನ್ಲೆಯಷ್ಟು ದಕ್ಷಿಣದಿಂದ ನೋಡುವವರಿಗೆ ದೂರದ ಉತ್ತರದ ಹಸಿರು ಭಾಗ ದಿಗಂತದ ಕೆಳಗೇ ಉಳಿಯುತ್ತದೆ, ಎತ್ತರದ ಕೆಂಪು ಮಾತ್ರ ಕಾಣುತ್ತದೆ.